ಹಕ್ಕಿಗೆ ಕಾಣುವ ಗಾಜು

ಗಾಜಿನ ಮೇಸ್ತ್ರಿ ಏಣಿಯಿಂದ ಬಿದ್ದಾಗ ಅವರಿಗೆ ಐವತ್ತೆಂಟು ವರ್ಷ. ಬೀಳುವಾಗ ಕೈಯಲ್ಲಿ ಎರಡಡಿ ಅಗಲದ ಗಾಜಿತ್ತು. ಅದನ್ನು ಬಿಟ್ಟು ಏಣಿ ಹಿಡಿದುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮೂವತ್ತೈದು ವರ್ಷದ ಅಭ್ಯಾಸ, ಕೈ ಗಾಜನ್ನು ಬಿಡಲಿಲ್ಲ. ಅದನ್ನು ಕೂಸಿನಂತೆ ಎದೆಗವಚಿಕೊಂಡೇ ಬಲಭುಜದ ಮೇಲೆ ಬಿದ್ದರು. ಗಾಜಿಗೆ ಒಂದು ಗೀರೂ ಬೀಳಲಿಲ್ಲ. ಭುಜದ ಮೂಳೆ ಮಾತ್ರ ಎರಡು ಕಡೆ ಬಿರುಕು ಬಿಟ್ಟಿತು.

ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಬಿಟ್ಟವರು ಮೊದಲು ಕೇಳಿದ್ದು, "ಗಾಜು ಒಡೀಲಿಲ್ಲ ತಾನೆ?"

"ಇಲ್ಲ, ಒಡೀಲಿಲ್ಲ," ಎಂದರು ಹೆಂಡತಿ. "ನೀವು ಅದನ್ನೇ ಕಟ್ಕೋಬೇಕಿತ್ತು. ನನ್ನನ್ನ ಯಾಕೆ ಕಟ್ಕೊಂಡ್ರೋ!"

ಆರು ತಿಂಗಳು ಭಾರ ಎತ್ತುವಂತಿಲ್ಲ, ಏಣಿಯನ್ನಂತೂ ಇನ್ನು ಮುಂದೆ ಹತ್ತುವಂತೆಯೇ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು.

ಹೆಂಡತಿಯನ್ನು ಬೀದಿಯವರೆಲ್ಲ ಟೈಲರಮ್ಮ ಅಂತಲೇ ಕರೆಯುತ್ತಿದ್ದರು. ಮನೆಯ ಹಿಂದಿನ ಕೋಣೆ ಆಕೆಯ ಕೆಲಸದ ಜಾಗ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಮೊಳೆಗಳಿಗೆ ನೇತುಹಾಕಿದ ತೋಳಿಲ್ಲದ ಅಂಗಿಗಳು, ಡಬ್ಬಿ ತುಂಬ ಗುಂಡಿಗಳು. ಹಿತ್ತಲ ಕಡೆಗೆ ಮೊಳದಗಲದ ಒಂದು ಕಿಟಕಿ. ಅದರ ಗಾಜು ಒಡೆದು ಎಷ್ಟೋ ವರ್ಷವಾಗಿತ್ತು. ಊರಿಗೆಲ್ಲ ಗಾಜು ಹಾಕಿದವರ ಮನೆಯ ಕಿಟಕಿಗೆ ರಟ್ಟು ಬಡಿದಿತ್ತು. ಹಾಡಹಗಲಲ್ಲೂ ಟ್ಯೂಬ್‌ಲೈಟ್ ಉರಿಸಿಕೊಂಡೇ ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದರು.

ಕೈಗೆ ಜೋಳಿಗೆ ಕಟ್ಟಿಕೊಂಡು ಬಂದ ಮೇಸ್ತ್ರಿ ಆ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡರು. ಸುಮ್ಮನೆ ಕೂರುವ ಜಾತಿಯಲ್ಲ. ಕೂದಲೆಳೆಯಷ್ಟು ವಾರೆಯಾದರೂ ಹಿಡಿಯುವ ಕಣ್ಣು. ಆ ಅಂಚು ಸ್ವಲ್ಪ ಎಡಕ್ಕೆ ಹೋಗಿದೆ, ಮೂರನೇ ಗುಂಡಿ ಇಳಿದಿದೆ, ಆ ಜೇಬು ನೆಟ್ಟಗಿಲ್ಲ ಅಂತ ಒಂದೇ ಸಮನೆ ಶುರುವಾಯಿತು. ನಾಲ್ಕನೆಯ ದಿನ ಟೈಲರಮ್ಮ ಕತ್ತರಿ ಕೆಳಗಿಟ್ಟರು.

"ನೋಡಿ, ಇನ್ನೊಂದು ಮಾತಾಡಿದ್ರೆ ನಿಮ್ಮ ಬಾಯಿಗೇ ಗುಂಡಿ ಹಾಕ್ತೀನಿ. ಎದ್ದು ಹಿತ್ತಲಿಗೆ ಹೋಗಿ. ಅಲ್ಲಿ ನೀವು ಗುಡ್ಡೆ ಹಾಕಿರೋ ಹಾಳು ಮೂಳು ಎಷ್ಟಿದೆ ಅಂತ ಒಂದ್ಸಲ ನೋಡಿ."

ಹೋಗಿ ನೋಡಿದರು. ಹಿತ್ತಲೆಂದರೆ ಇಪ್ಪತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲ. ಮೂಲೆಯಲ್ಲೊಂದು ಸೀಬೆ ಮರ. ಉಳಿದದ್ದೆಲ್ಲ ಹಳೆಯ ಚೌಕಟ್ಟು, ಗಾಜು ಕೂರಿಸುವ ಪುಟ್ಟಿ ಒಣಗಿಹೋದ ಡಬ್ಬಿ, ತುಂಡು ಗಾಜು. ಎಡಗೈಯೊಂದರಲ್ಲೇ ದಿನಕ್ಕಿಷ್ಟು ಎಂದು ಆರಿಸಿ ಚೀಲಕ್ಕೆ ತುಂಬಿದರು. ಮೂರು ವಾರಕ್ಕೆ ನೆಲ ಕಂಡಿತು. ಬಿಸಿಲಿನ ದಿನಗಳು. ಕೆಲಸದ ನಡುವೆ ಬಾಯಾರಿ ನೀರು ಕುಡಿದು ಲೋಟದಲ್ಲಿ ಉಳಿದದ್ದನ್ನು ಒಂದು ಡಬ್ಬಿಯ ಮುಚ್ಚಳಕ್ಕೆ ಚೆಲ್ಲಿದ್ದರು. ತಿರುಗಿ ನೋಡುವಷ್ಟರಲ್ಲಿ ಒಂದು ಗುಬ್ಬಿ ಅದರ ಅಂಚಿನಲ್ಲಿ ಕೂತು ಕೊಕ್ಕು ಎತ್ತಿ ಎತ್ತಿ ಕುಡಿಯುತ್ತಿತ್ತು. ತಮ್ಮ ಕಾಲಿಗೂ ಅದಕ್ಕೂ ನಡುವೆ ಎರಡು ಮಾರು ದೂರವೂ ಇರಲಿಲ್ಲ. ಮೇಸ್ತ್ರಿ ಉಸಿರು ಬಿಗಿಹಿಡಿದು ನಿಂತರು. ಗಾಜು ಕೊಯ್ಯುವಾಗಲೂ ಅವರು ಹಾಗೆಯೇ ಉಸಿರು ಹಿಡಿಯುತ್ತಿದ್ದುದು.

ಮರುದಿನ ದೊಡ್ಡದೊಂದು ಸ್ಟೀಲ್ ಬೋಗುಣಿಗೆ ಕಂಠಮಟ್ಟ ನೀರು ತುಂಬಿಸಿ ಇಟ್ಟರು. ಒಂದು ಕಾಗೆ ಬಂದು ಎಲ್ಲಿಂದಲೋ ತಂದ ಒಣ ರೊಟ್ಟಿ ಚೂರನ್ನು ಅದ್ದಿಕೊಂಡು ಹೋಯಿತು. ಗುಬ್ಬಿಗಳು ಬಂದವು, ಅಂಚಿನಲ್ಲಿ ಕೂತವು, ಜಾರಿದವು, ಹಾರಿಹೋದವು. ಹೀಗೇ ಐದು ದಿನ. ಮೇಸ್ತ್ರಿಗೆ ಸಿಟ್ಟೇ ಬಂತು.

ಎದುರು ಮನೆಯಲ್ಲಿ ಪಶು ಆಸ್ಪತ್ರೆಯಿಂದ ನಿವೃತ್ತರಾದ ಕಾಂಪೌಂಡರ್ ಇದ್ದರು. ಎಪ್ಪತ್ತು ದಾಟಿದವರು, ಊರುಗೋಲು ಹಿಡಿದು ಬೀದಿಯ ಎಲ್ಲರ ಮನೆಗೂ ಹೇಳದೆ ಕೇಳದೆ ಹೋಗುವವರು. ಹಿತ್ತಲಿಗೆ ಬಂದು ಬೋಗುಣಿ ನೋಡಿ ನಕ್ಕುಬಿಟ್ಟರು.

"ನಿನ್ನನ್ನ ಬಾವಿಗಿಳಿದು ಸ್ನಾನ ಮಾಡು ಅಂದ್ರೆ ಮಾಡ್ತೀಯಾ ಮೇಸ್ತ್ರಿ? ಗುಬ್ಬಿಗೆ ಇದು ಬಾವಿ. ಅದರ ಕಾಲು ಎಷ್ಟುದ್ದ ಇದೆ? ಅಷ್ಟೇ ನೀರು ಸಾಕು. ಕಾಲೂರೋಕೆ ಒರಟು ಜಾಗ ಬೇಕು."

ಹೂಕುಂಡದ ಅಡಿಗಿಡುವ ಮಣ್ಣಿನ ತಟ್ಟೆ ಬಂತು. ಅದರಲ್ಲಿ ನಾಲ್ಕು ಬೆಣಚುಕಲ್ಲು, ಒಂದು ಬೆರಳಗಲ ನೀರು. ಪಕ್ಕದ ಮನೆಯ ಬೆಕ್ಕು ಹೊಂಚು ಹಾಕದಂತೆ ಗೋಡೆಯಿಂದ ದೂರ, ಸೊಂಟದೆತ್ತರಕ್ಕೆ ಇಟ್ಟಿಗೆ ಪೇರಿಸಿ ಅದರ ಮೇಲಿಟ್ಟರು. ಮೂರನೆಯ ದಿನ ಒಂದು ಗುಬ್ಬಿ ನೀರಿಗಿಳಿದು ರೆಕ್ಕೆ ಬಡಿಯಿತು. ಅದನ್ನು ನೋಡಿ ಇನ್ನೆರಡು ಇಳಿದವು.

"ಏ, ಬಾರೇ ಇಲ್ಲಿ! ಬೇಗ ಬಾ!"

ಟೈಲರಮ್ಮ ಏನಾಯಿತೋ ಎಂದು ಕೊರಳಲ್ಲಿ ಟೇಪು ಜೋತುಬಿಟ್ಟುಕೊಂಡೇ ಓಡಿ ಬಂದರು. "ಇಷ್ಟಕ್ಕೆ ಹಾಗೆ ಕಿರುಚಿದ್ರಾ? ನಾನು ಇನ್ನೊಂದು ಭುಜಾನೂ ಹೋಯ್ತು ಅಂದ್ಕೊಂಡೆ," ಎಂದು ಬೈದರು. ಆದರೆ ಗುಬ್ಬಿಗಳ ಸ್ನಾನ ಮುಗಿಯುವವರೆಗೆ ಅಲ್ಲೇ ನಿಂತಿದ್ದರು.

ಕಾಳು ಹಾಕುವುದನ್ನು ಕಲಿಯುವುದಕ್ಕೂ ಸಮಯ ಹಿಡಿಯಿತು. ಮೊದಮೊದಲು ಧಾರಾಳವಾಗಿ ಅಕ್ಕಿ ನುಚ್ಚು ಸುರಿದರು. ಮಳೆ ಬಂದು ಅದು ಬೂಸಲು ಹಿಡಿಯಿತು. ಕಾಂಪೌಂಡರ್ ಗದರಿದರು: "ನೀನು ಬೂಸಲು ಬಂದದ್ದು ತಿಂತೀಯಾ? ಸಂಜೆಗೆ ಖಾಲಿಯಾಗೋವಷ್ಟೇ ಹಾಕು. ತಟ್ಟೆ ದಿನಾ ತಿಕ್ಕಿ ಬಿಸಿಲಿಗೆ ಇಡು. ನಿಮ್ಮ ಉಪ್ಪು ಖಾರದ ತಿಂಡಿ ಮಾತ್ರ ಬೇಡ." ಮೇಸ್ತ್ರಿ ಒಂದನ್ನೂ ಬಿಡದೆ ಪಾಲಿಸಿದರು. ಸೀಬೆ ಮರದ ಮೇಲಿನ ಕೊಂಬೆಗಳ ಹಣ್ಣು ಕೀಳುವುದನ್ನು ಬಿಟ್ಟರು. ಒಂದು ಮೂಲೆಯ ತರಗೆಲೆಯನ್ನು ಗುಡಿಸದೆ ಹಾಗೇ ಇರಿಸಿದರು. ಮೈನಾಗಳು ಬಂದು ಎಲೆ ಮಗುಚಿ ಮಗುಚಿ ಹುಳ ಹೆಕ್ಕುತ್ತಿದ್ದವು. ಆಮೇಲೆ ಬೆಳವಕ್ಕಿಯ ಜೋಡಿ ಬಂತು. ಸೀಬೆ ಹಣ್ಣಾಗುವ ಹೊತ್ತಿಗೆ ಪಿಕಳಾರಗಳು ಬಂದವು, ತಲೆಯ ಮೇಲೆ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕೆಂಪು. ಬೆಳಿಗ್ಗೆ ಅವುಗಳ ಕೂಗಿಗೆ ಮೇಸ್ತ್ರಿ ಏಳುತ್ತಿದ್ದರು.

ಭುಜ ಸುಮಾರಾಗಿ ಕೂಡಿಕೊಂಡ ಮೇಲೆ ಅವರು ಮಾಡಿದ ಮೊದಲ ಕೆಲಸ ಹೆಂಡತಿಯ ಕಿಟಕಿ. ಇಪ್ಪತ್ತು ವರ್ಷದಿಂದ ನಾಳೆ ನಾಳೆ ಎಂದು ಮುಂದೆ ಹಾಕುತ್ತಿದ್ದದ್ದು. ಗೋಡೆ ಒಡೆಸಿ, ಐದಡಿ ಅಗಲ ನಾಲ್ಕಡಿ ಎತ್ತರದ ಚೌಕಟ್ಟು ಕೂರಿಸಿದರು. ಇಬ್ಬರು ಹಳೆಯ ಜೊತೆಗಾರರು ಬಂದು ಎತ್ತಿ ಹಿಡಿದರು. ನಡುವೆ ಒಂದು ಪಟ್ಟಿಯೂ ಇಲ್ಲದ ಇಡೀ ಗಾಜು. ಬಾಗಿಲ ಪಕ್ಕದಲ್ಲಿ ಗಾಳಿಗೆಂದು ತೆರೆಯುವ ಸಣ್ಣ ಕಿಟಕಿ ರೆಕ್ಕೆಯೊಂದನ್ನು ಬೇರೆ ಕೂರಿಸಿದರು. ಒಳಗೂ ಹೊರಗೂ ಕಾಗದ ಹಾಕಿ ಉಜ್ಜಿ ಉಜ್ಜಿ ಹೊಳಪು ಕೊಟ್ಟ ಮೇಲೆ ಹೆಂಡತಿಯನ್ನು ಕರೆದು ಕೂರಿಸಿದರು.

ಬೆಳಕು ಹೊಲಿಗೆ ಯಂತ್ರದ ಮೇಲೆ, ಮೇಜಿನ ಮೇಲೆ, ಟೈಲರಮ್ಮನ ಮಡಿಲ ಮೇಲೆ ಬಿದ್ದಿತ್ತು. ಆಕೆ ಎದ್ದು ಟ್ಯೂಬ್‌ಲೈಟ್ ಆರಿಸಿದರು. ಸೂಜಿ ತೆಗೆದುಕೊಂಡು ಒಂದೇ ಸಲಕ್ಕೆ ದಾರ ಪೋಣಿಸಿದರು. ಗಂಡನ ಕೈಯನ್ನು ಒಂದು ಸಲ ಒತ್ತಿ, ಯಂತ್ರ ತುಳಿಯತೊಡಗಿದರು.

ಹತ್ತು ದಿನ ನೆಮ್ಮದಿಯಾಗಿ ಕಳೆಯಿತು. ಹನ್ನೊಂದನೆಯ ದಿನ ಬೆಳಿಗ್ಗೆ ಧಡ್ ಎಂದು ಸದ್ದಾಯಿತು. ಯಾರೋ ಚೆಂಡು ಎಸೆದರೆಂದು ಟೈಲರಮ್ಮ ತಲೆ ಎತ್ತಿದರು. ಗಾಜಿನ ಹೊರಮೈಯಲ್ಲಿ ಬೂದಿ ಬಣ್ಣದ ಗುರುತು ಮೂಡಿತ್ತು. ಬಿಚ್ಚಿದ ಎರಡು ರೆಕ್ಕೆ, ನಡುವೆ ಎದೆ, ಒಂದೊಂದು ಗರಿಯೂ ಎಣಿಸುವಷ್ಟು ಸ್ಪಷ್ಟ. ಬಡಿದ ಬೆಳವಕ್ಕಿ ಕೆಳಗೆ ಬಿದ್ದಿರಲಿಲ್ಲ, ಹೇಗೋ ಹಾರಿಹೋಗಿತ್ತು. ಮೇಸ್ತ್ರಿ ಒದ್ದೆ ಬಟ್ಟೆ ತಂದು ಗುರುತನ್ನು ಒರೆಸಿ, ಗಾಜನ್ನು ಮತ್ತೆ ಹೊಳೆಯುವಂತೆ ಮಾಡಿದರು.

ನಾಲ್ಕು ದಿನ ಬಿಟ್ಟು ಒಂದು ಗುಬ್ಬಿ. ಆ ವಾರದಲ್ಲೇ ಇನ್ನೊಂದು. ಎರಡೂ ಸತ್ತವು. ಮೇಸ್ತ್ರಿ ಸೀಬೆ ಮರದ ಬುಡದಲ್ಲಿ ಮಣ್ಣು ಮಾಡಿ, ಯಾರಿಗೂ ಹೇಳದೆ ಕೈ ತೊಳೆದುಕೊಂಡು ಒಳಗೆ ಬಂದರು. ಆಮೇಲೊಂದು ಪಿಕಳಾರ ಬಡಿಯಿತು. ಅದಿನ್ನೂ ಉಸಿರಾಡುತ್ತಿತ್ತು. ಕೊಕ್ಕು ತೆರೆದು, ಕಣ್ಣು ಅರೆಮುಚ್ಚಿ, ಕತ್ತು ಒಂದು ಪಕ್ಕಕ್ಕೆ ವಾಲಿತ್ತು. ಟೈಲರಮ್ಮ ಹೊಲಿಯುತ್ತಿದ್ದ ಬಟ್ಟೆಯ ತುಂಡಲ್ಲೇ ಅದನ್ನು ಎತ್ತಿಕೊಂಡು, "ನೀರು ಬಿಡ್ರೀ ಬಾಯಿಗೆ, ಒಂದು ಹನಿ ನೀರು," ಎಂದು ಗಾಬರಿಯಾದರು. ಕಾಂಪೌಂಡರ್ ಊರುಗೋಲು ಕುಟ್ಟಿಕೊಂಡು ಬಂದವರು ಮೊದಲು ಮೇಸ್ತ್ರಿಯ ಕೈಯಲ್ಲಿದ್ದ ನೀರಿನ ಲೋಟವನ್ನು ಕಸಿದಿಟ್ಟರು.

"ನೀರು ಬಿಟ್ರೆ ಉಸಿರು ಕಟ್ಟಿ ಸಾಯುತ್ತೆ. ಏನೂ ಮಾಡಬೇಡಮ್ಮ. ರಟ್ಟಿನ ಡಬ್ಬಿಗೆ ನಾಲ್ಕು ತೂತು ಮಾಡಿ, ಒಳಗೆ ಬಟ್ಟೆ ಹಾಸಿ, ಇದನ್ನ ಮಲಗಿಸಿ ಮುಚ್ಚಳ ಮುಚ್ಚು. ಕತ್ತಲು ಬೇಕು ಅದಕ್ಕೆ. ಪದೇ ಪದೇ ತೆಗೆದು ನೋಡಬೇಡ."

ಚಪ್ಪಲಿಯ ಡಬ್ಬಿಯೊಂದು ಮೇಜಿನ ಕೆಳಗೆ ಹೋಯಿತು. ಒಂದು ಗಂಟೆ ಹೊಲಿಗೆ ಯಂತ್ರ ನಿಂತಿತು. ಮೂವರೂ ಪಿಸುಮಾತಿನಲ್ಲಿ ಬೇರೇನೋ ಮಾತಾಡುತ್ತ, ಕಿವಿಯನ್ನೆಲ್ಲ ಡಬ್ಬಿಯ ಕಡೆಗೇ ಇಟ್ಟುಕೊಂಡು ಕೂತರು. ಕೊನೆಗೆ ಒಳಗೆ ಉಗುರಿನಿಂದ ಪರಪರ ಕೆರೆದ ಸದ್ದು ಕೇಳಿತು. ಹಿತ್ತಲಿಗೆ ಒಯ್ದು ಮುಚ್ಚಳ ತೆಗೆದದ್ದೇ ತಡ, ಪಿಕಳಾರ ಗೋಡೆ ದಾಟಿ ಹಾರಿತು. ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇವಕ್ಕೇನು ಕಣ್ಣು ಕಾಣಲ್ವಾ ಸಾರ್?" ಎಂದು ಮೇಸ್ತ್ರಿ ಕೇಳಿದರು.

ಕಾಂಪೌಂಡರ್ ಅವರ ತೋಳು ಹಿಡಿದು ನೀರಿನ ತಟ್ಟೆಯ ಪಕ್ಕಕ್ಕೆ ಕರೆದೊಯ್ದರು. "ಬಗ್ಗು. ಇನ್ನೂ ಬಗ್ಗು. ಈಗ ನಿನ್ನ ಕಿಟಕಿ ನೋಡಿ ಹೇಳು, ಏನು ಕಾಣ್ತಿದೆ?"

ಮೇಸ್ತ್ರಿ ಮಂಡಿಯೂರಿ ನೋಡಿದರು. ಕಿಟಕಿಯೇ ಇರಲಿಲ್ಲ. ಅಲ್ಲೊಂದು ಸೀಬೆ ಮರವಿತ್ತು, ಅದರ ಹಿಂದೆ ಆಕಾಶ, ಎರಡು ಮೋಡ. ಗೋಡೆಯಲ್ಲೊಂದು ದೊಡ್ಡ ದಾರಿ ತೆರೆದು, ಆಚೆ ಇನ್ನೊಂದು ಹಿತ್ತಲು ಇರುವಂತಿತ್ತು. ಅವರು ಎಷ್ಟೋ ಹೊತ್ತು ಏಳಲಿಲ್ಲ. ಎದ್ದವರು, "ಇಷ್ಟು ವರ್ಷ ಗಾಜು ಹಾಕಿದೆ ಸಾರ್. ಈ ಕಡೆ ನಿಂತು ಒಂದಿನಾನೂ ನೋಡಿರಲಿಲ್ಲ," ಎಂದರು.

ಮೊದಲು ಯಾರೋ ಹೇಳಿದರೆಂದು ರೆಕ್ಕೆ ಹರಡಿದ ಹದ್ದಿನ ಚಿತ್ರವೊಂದನ್ನು ಗಾಜಿನ ನಡುವೆ ಅಂಟಿಸಿದರು. ಗುಬ್ಬಿಗಳು ಅದಕ್ಕೆ ಕ್ಯಾರೇ ಅನ್ನಲಿಲ್ಲ. ಒಂದು ಅದರ ಪಕ್ಕದಲ್ಲೇ ಬಂದು ಬಡಿಯಿತು. ಪರದೆ ಇಳಿಬಿಟ್ಟರು, ಹೊರಗಿನಿಂದ ಗಾಜಿನಲ್ಲಿ ಮರದ ಬಿಂಬ ಇನ್ನಷ್ಟು ಚೆನ್ನಾಗಿ ಕಂಡಿತು. ಆಗ ಮೇಸ್ತ್ರಿಗೆ ತಮ್ಮದೇ ಕೆಲಸದ ಒಂದು ಪದ್ಧತಿ ನೆನಪಾಯಿತು. ಹೊಸ ಕಟ್ಟಡಗಳಲ್ಲಿ ಗಾಜು ಹಾಕಿದ ಕೂಡಲೇ ಅದರ ಮೇಲೆ ಸುಣ್ಣದಿಂದ ಗೀಟು ಎಳೆಯುತ್ತಾರೆ. ಕೂಲಿಯವರು ಗೊತ್ತಾಗದೆ ಢಿಕ್ಕಿ ಹೊಡೆಯದಿರಲಿ ಅಂತ. ಸುಣ್ಣ ಕಲಸಿ ಗಾಜಿನ ಹೊರಗೆ ಮೇಲಿಂದ ಕೆಳಕ್ಕೆ ಒತ್ತೊತ್ತಾಗಿ ಗೀಟು ಎಳೆದರು. ಎರಡು ವಾರ ಒಂದು ಹಕ್ಕಿಯೂ ಬಡಿಯಲಿಲ್ಲ. ಆಮೇಲೆ ಮಳೆ ಸುರಿದು ಸುಣ್ಣ ತೊಳೆದುಹೋಯಿತು. ಮರುದಿನವೇ ಒಂದು ಪಿಕಳಾರ ಸತ್ತಿತು.

ಅಂದು ಊಟದ ಹೊತ್ತಿನಲ್ಲಿ ಮೇಸ್ತ್ರಿ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿದ್ದರು.

"ಅಳಿಸಿ ಹೋಗದಂಥ ಗುರುತು ಬೇಕು. ಸಾಣೆಕಲ್ಲಿಂದ ಗಾಜನ್ನೇ ಉಜ್ಜಿ ಚುಕ್ಕಿ ಮಾಡಬಹುದು," ಎಂದರು. "ಆದ್ರೆ ಒಮ್ಮೆ ಉಜ್ಜಿದ್ರೆ ಮುಗೀತು. ಮತ್ತೆ ಮೊದಲಿನ ಹಾಗೆ ಆಗಲ್ಲ. ನಿನಗೆ ಅಂತ ಹಾಕಿದ ಗಾಜು ಅದು."

ಟೈಲರಮ್ಮ ಅವರ ತಟ್ಟೆಗೆ ಸಾರು ಬಡಿಸಿದರು. "ಬೆಳಕು ಬರುತ್ತೆ ತಾನೆ?"

"ಬೆಳಕಿಗೇನೂ ಆಗಲ್ಲ."

"ಮತ್ತಿನ್ನೇನು? ಚುಕ್ಕಿ ಇರೋ ಬಟ್ಟೆ ನಾನು ಎಷ್ಟು ಹೊಲಿದಿಲ್ಲ? ಚುಕ್ಕಿ ಮಾತ್ರ ಸಾಲಾಗಿ ಬರಬೇಕು. ನೀವು ಕಣ್ಣಳತೇಲಿ ಶುರು ಮಾಡಬೇಡಿ, ನಾನು ಮಾದರಿ ಮಾಡಿಕೊಡ್ತೀನಿ."

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ದೊಡ್ಡ ಕಾಗದ ಹಾಸಿ, ಟೇಪು ಹಿಡಿದು, ಎರಡಂಗುಲಕ್ಕೊಂದರಂತೆ ಗುರುತು ಹಾಕಿದರು. ಎರಡು ಚುಕ್ಕಿಯ ನಡುವೆ ಗುಬ್ಬಿ ನುಸುಳುವಷ್ಟು ಜಾಗ ಇದೆಯೆಂದು ಗುಬ್ಬಿಗೆ ಅನ್ನಿಸಬಾರದು, ಅದು ಕಾಂಪೌಂಡರ್ ಕೊಟ್ಟ ಲೆಕ್ಕ. ಒಂದೊಂದು ಗುರುತಿಗೂ ಕಾಳಿನ ಗಾತ್ರದ ತೂತು ಕೊರೆದು, ಕಾಗದವನ್ನು ಹೊರಗಿನಿಂದ ಗಾಜಿಗೆ ಅಂಟಿಸಿದರು. ಮೇಸ್ತ್ರಿ ಸಾಣೆಕಲ್ಲಿನ ತುಂಡು ನೀರಿಗೆ ಅದ್ದಿ ಮೊದಲ ತೂತಿನ ಮೇಲಿಟ್ಟರು. ಕೈ ಮುಂದೆ ಹೋಗಲಿಲ್ಲ. ಗೀರು ಬೀಳದಂತೆ ಗಾಜನ್ನು ಕಾಯುವುದಷ್ಟನ್ನೇ ಆ ಕೈ ಕಲಿತಿತ್ತು.

"ಏನು, ಮುಹೂರ್ತ ನೋಡ್ತಿದ್ದೀರಾ?" ಎಂದು ಒಳಗಿನಿಂದ ಟೈಲರಮ್ಮ ಕೂಗಿದರು.

ಮೇಸ್ತ್ರಿ ಕಲ್ಲನ್ನು ಒತ್ತಿ ತಿರುಗಿಸಿದರು. ಕರ್ ಎಂದಿತು. ಒಂದು ಬಿಳಿಯ ಚುಕ್ಕಿ ಮೂಡಿತು. ಆಮೇಲೆ ಸಲೀಸಾಯಿತು. ಭುಜ ನೋಯುತ್ತಿದ್ದುದರಿಂದ ದಿನಕ್ಕೆ ಎರಡು ಸಾಲು ಮಾತ್ರ. ಏಳುನೂರರ ಹತ್ತಿರ ಚುಕ್ಕಿ ಮುಗಿಯಲು ಹದಿಮೂರು ದಿನ ಹಿಡಿಯಿತು. ಕಾಗದ ತೆಗೆದಾಗ ಟೈಲರಮ್ಮ ಒಂದೊಂದು ಸಾಲಿಗೂ ಟೇಪು ಹಿಡಿದು ನೋಡಿ, "ಕೆಳಗಡೆ ಬಲಮೂಲೇಲಿ ಒಂದು ಸ್ವಲ್ಪ ವಾರೆ," ಎಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಕಿಟಕಿಗೆ ಮತ್ತೆ ಯಾವ ಹಕ್ಕಿಯೂ ಬಡಿಯಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೇಸ್ತ್ರಿಗೆ ಒಂದು ಯೋಚನೆ ಹೊಕ್ಕು, ತಲೆ ತಿನ್ನತೊಡಗಿತ್ತು. ಇಷ್ಟು ವರ್ಷ ತಾವು ಹಾಕಿದ ಗಾಜುಗಳ ಗತಿಯೇನು? ಆರು ವರ್ಷದ ಹಿಂದೆ ಪೇಟೆಯ ಉದ್ಯಾನದ ಎದುರಿನ ನಾಲ್ಕಂತಸ್ತಿನ ಕಚೇರಿಗೆ ಎದುರು ಮೈ ಪೂರ್ತಿ ಗಾಜು ಹಾಕಿಸಿದ್ದು ಅವರೇ. ಅವರ ಕೆಲಸಗಳಲ್ಲೆಲ್ಲ ದೊಡ್ಡದು. ಯಾರಾದರೂ ನೆಂಟರು ಬಂದರೆ ಕರೆದೊಯ್ದು ತೋರಿಸುತ್ತಿದ್ದರು. ಒಂದು ಬೆಳಿಗ್ಗೆ ಅಲ್ಲಿಗೆ ಹೋದರು. ಆಳು ಎತ್ತರದ ಗಾಜಿನಲ್ಲಿ ಉದ್ಯಾನದ ಮರಗಳೆಲ್ಲ ಬಿಂಬಿಸಿ ತೂಗುತ್ತಿದ್ದವು. ಕೆಳಗೆ ಒಬ್ಬ ಹೆಂಗಸು ಉದ್ದ ಪೊರಕೆಯಿಂದ ಕಲ್ಲುಹಾಸು ಗುಡಿಸುತ್ತಿದ್ದಳು.

"ಅಮ್ಮಾ, ಇಲ್ಲಿ ಹಕ್ಕಿಗಳು ಏನಾದ್ರೂ ಸತ್ತು ಬಿದ್ದಿರ್ತಾವಾ?"

ಆಕೆ ಪೊರಕೆ ನಿಲ್ಲಿಸಿ ಅವರನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. "ಇಷ್ಟು ವರ್ಷಕ್ಕೆ ಕೇಳಿದವರು ನೀವೊಬ್ರೇ ಅಣ್ಣಾ. ದಿನಾ ಇರ್ತಾವೆ. ಒಂದಿನ ಎರಡು, ಒಂದಿನ ಐದು. ಸಾಹೇಬ್ರು ಬರೋದ್ರೊಳಗೆ ಎತ್ತಿಬಿಡ್ಬೇಕು ಅಂತ ಹೇಳಿದ್ದಾರೆ." ಬಕೆಟ್ಟಿನಲ್ಲಿದ್ದ ಎಲೆಗಳನ್ನು ಸರಿಸಿ ತೋರಿಸಿದಳು. ಒಂದು ಮೈನಾ, ಎರಡು ಗುಬ್ಬಿ, ಮೇಸ್ತ್ರಿಗೆ ಹೆಸರು ಗೊತ್ತಿಲ್ಲದ ಹಸಿರು ಬಣ್ಣದ್ದೊಂದು.

ಆರು ವರ್ಷ. ಮೇಸ್ತ್ರಿ ಲೆಕ್ಕ ಹಾಕಲು ಹೊರಟು ಅರ್ಧಕ್ಕೇ ಕೈಬಿಟ್ಟರು. ಮೆಟ್ಟಿಲ ಮೇಲೆ ಕೂತವರಿಗೆ ಆಕೆಯೇ ತನ್ನ ಬಾಟಲಿಯಿಂದ ನೀರು ಕೊಟ್ಟಳು.

ಕಚೇರಿಯ ಮ್ಯಾನೇಜರು ಮೇಸ್ತ್ರಿಯನ್ನು ಮರೆತಿರಲಿಲ್ಲ, ಕೂರಿಸಿ ಮಾತಾಡಿಸಿದರು. ಚುಕ್ಕಿಯ ವಿಷಯ ಕೇಳಿ ಮಾತ್ರ ನಕ್ಕರು. "ಏನ್ ಮೇಸ್ತ್ರಿ, ಗಾಜಿಗೆ ಸಿಡುಬು ಬರಿಸ್ತೀರಾ? ನೋಡಿದವರು ಏನಂತಾರೆ?" ಮೇಸ್ತ್ರಿ ವಾದ ಮಾಡಲಿಲ್ಲ. ತಮ್ಮ ಫೋನ್ ನಂಬರ್ ಬರೆದ ಚೀಟಿ ಇಟ್ಟು ಬಂದರು. ಮುಂದಿನ ವಾರ ಮತ್ತೆ ಹೋದರು. ಅದರ ಮುಂದಿನ ವಾರವೂ. ಮೂರನೆಯ ಸಲ ಬಾಗಿಲಲ್ಲೇ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂಬ ಉತ್ತರ ಬಂತು.

ಎರಡು ತಿಂಗಳ ಮೇಲೆ ಫೋನು ಬಂತು. ಮುಖ್ಯ ಕಚೇರಿಯಿಂದ ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯೊಬ್ಬರು ಮೊಬೈಲಿನಲ್ಲಿ ಮಾತಾಡುತ್ತ ಹೋಗಿ, ಬಾಗಿಲೆಂದುಕೊಂಡು ಗಾಜಿಗೇ ಹಣೆ ಚಚ್ಚಿಕೊಂಡಿದ್ದರು. ಹಣೆ ನಿಂಬೆಹಣ್ಣಿನಷ್ಟು ಊದಿತ್ತು.

"ಮೇಸ್ತ್ರಿ, ಅದೇ ಆ ಚುಕ್ಕಿ ಅಂದಿದ್ರಲ್ಲ," ಎಂದರು ಮ್ಯಾನೇಜರು, "ಯಾವಾಗ ಬರ್ತೀರಿ?"

ಕಚೇರಿಯದು ಕಾಯಿಸಿ ಹದ ಮಾಡಿದ ಗಟ್ಟಿ ಗಾಜು. ಸಾಣೆಕಲ್ಲು ಹಿಡಿದು ಉಜ್ಜಿದರೆ ಪುಡಿಪುಡಿಯಾಗುವ ಭಯ. ಹಾಗಾಗಿ ಹೊರಗೆ ಅಂಟಿಸುವ ಬಿಳಿಯ ಹಾಳೆ ತರಿಸಿದರು. ಟೈಲರಮ್ಮ ಗುಂಡಿ ತೂತಿನ ಉಳಿಯಿಂದ ಚುಕ್ಕಿಗಳನ್ನು ಕೊರೆದು ಕೊಟ್ಟರು. ಮೇಸ್ತ್ರಿಗೆ ಏಣಿ ಹತ್ತುವಂತಿಲ್ಲವಾದ್ದರಿಂದ ಕೈಗೆಟುಕುವ ಕೆಳಗಿನ ಅಂತಸ್ತಷ್ಟೇ ಆಯಿತು. ಗುಡಿಸುವ ಹೆಂಗಸು ಕೆಲಸ ಮುಗಿಸಿದ ಮೇಲೆ ನಿಂತು, ಅಳತೆಯ ಕಾಗದ ಹಿಡಿದುಕೊಟ್ಟಳು. ತಿಂಗಳಾದ ಮೇಲೆ ಮೇಸ್ತ್ರಿ ವಿಚಾರಿಸಿದರು.

"ಕೆಳಗಡೆ ಒಂದೂ ಇಲ್ಲ ಅಣ್ಣಾ. ಮೇಲಿನ ಗಾಜಿಗೆ ಬಡಿದು ಬೀಳೋದು ಇನ್ನೂ ಇದೆ. ವಾರಕ್ಕೆ ಎರಡೋ ಮೂರೋ."

"ಮೇಲಿನದಕ್ಕೂ ಕೇಳ್ತೀನಿ," ಎಂದರು ಮೇಸ್ತ್ರಿ. ಕೇಳಿದರು ಕೂಡ. ಮುಂದಿನ ವರ್ಷ ನೋಡೋಣ ಎಂದಿದ್ದಾರೆ. ಬಿಡುವವರಲ್ಲ ಇವರು, ಪ್ರತಿ ತಿಂಗಳ ಮೊದಲ ಸೋಮವಾರ ಹೋಗಿ ಮ್ಯಾನೇಜರ ಎದುರು ಕೂತು ಬರುತ್ತಾರೆ.

ಈ ವರ್ಷ ಬೇಸಿಗೆಯ ಶುರುವಿಗೆ ಒಂದು ಜೋಡಿ ಪಿಕಳಾರ ಹಿಂದಿನ ಕೋಣೆಯ ಸಣ್ಣ ಕಿಟಕಿ ರೆಕ್ಕೆಯ ಹೊರಗೆ, ಹೊಸದಾಗಿ ಹಬ್ಬಿದ ಬಳ್ಳಿಯಲ್ಲಿ ಗೂಡು ಕಟ್ಟಿತು. ಮುಷ್ಟಿಯಷ್ಟೇ ಗೂಡು. ಅದರಲ್ಲಿ ಟೈಲರಮ್ಮನ ಕೋಣೆಯಿಂದ ಗುಡಿಸಿ ಹಾಕಿದ ಹಳದಿ ದಾರದ ಒಂದು ತುಂಡೂ ಇತ್ತು. ಮೇಸ್ತ್ರಿ ಅದನ್ನು ಕಂಡು ಮುಖ ಚಿಕ್ಕದು ಮಾಡಿಕೊಂಡರು. ದಾರ ಮರಿಯ ಕಾಲಿಗೆ ಸುತ್ತಿಕೊಂಡರೆ ಕಷ್ಟವೆಂದು ಕಾಂಪೌಂಡರ್ ಹಿಂದೆಯೇ ಎಚ್ಚರಿಸಿದ್ದರು. ಅಂದಿನಿಂದ ದಾರದ ಚೂರೆಲ್ಲ ಮುಚ್ಚಳವಿರುವ ಡಬ್ಬಿಗೆ ಬೀಳತೊಡಗಿತು. ಗೂಡಿನದನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಕಿಟಕಿ ರೆಕ್ಕೆ ತೆರೆದರೆ ಗೂಡಿಗೆ ತಗಲುತ್ತದೆ. ಗಾಳಿಯಿಲ್ಲದೆ ಕೋಣೆ ಕಾದ ಹಂಚಾಗಿತ್ತು. ಟೈಲರಮ್ಮ ಬೆವರು ಒರೆಸಿಕೊಳ್ಳುತ್ತಲೇ ಯಂತ್ರ ತುಳಿದರು. ಅಳತೆ ಕೊಡಲು ಬಂದವರು, "ಕಿಟಕಿ ತೆಗೀರಿ ಅಮ್ಮಾ, ಬೆಂದು ಹೋಗ್ತಿದೀವಿ," ಎಂದರೆ, "ಮೆಲ್ಲಗೆ ಮಾತಾಡಿ. ಮೂರು ವಾರ ಹೀಗೇನೇ. ಆಗಲ್ಲ ಅಂದ್ರೆ ಆಮೇಲೆ ಬನ್ನಿ," ಎನ್ನುತ್ತಿದ್ದರು. ಮೇಸ್ತ್ರಿ ಹಿತ್ತಲಲ್ಲಿ ಒಂದು ಮೊಳೆ ಹೊಡೆಯಲು ಸುತ್ತಿಗೆ ಎತ್ತಿದ್ದಕ್ಕೇ ಆಕೆ ಬಂದು ಸುತ್ತಿಗೆಯನ್ನು ಕಸಿದುಕೊಂಡು ಹೋಗಿ ಬಟ್ಟೆಯ ಗಂಟಿನೊಳಗೆ ಬಚ್ಚಿಟ್ಟರು.

ಗೂಡು ಕಟ್ಟಿದ ಹದಿನೇಳನೆಯ ದಿನ ಅದರ ಅಂಚಿನ ಮೇಲೆ ಮೂರು ಕೆಂಪು ಬಾಯಿಗಳು ತೆರೆದುಕೊಂಡವು. ಟೈಲರಮ್ಮ ಹೊಲಿಯುತ್ತಿದ್ದ ಅಂಗಿಯನ್ನು ಮಡಿಲಲ್ಲೇ ಇಟ್ಟುಕೊಂಡು, ಗಾಜಿನ ಈಚೆಯಿಂದ ನೋಡುತ್ತ ಕೂತರು. ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು ಬಂತು.

"ರೀ," ಎಂದು ಪಿಸುಗುಟ್ಟಿದರು, "ಮೊದಲು ಕೊಟ್ಟದ್ದು ನಡುವಿನದಕ್ಕೆ. ಈ ಕೊನೆಯದಕ್ಕೆ ಇನ್ನೂ ಸಿಕ್ಕಿಲ್ಲ."

"ಸಿಗುತ್ತೆ, ತಡಿ," ಎಂದರು ಮೇಸ್ತ್ರಿ ಬಾಗಿಲ ಹತ್ತಿರದಿಂದ. "ಗಂಡು ಇನ್ನೊಂದು ತರ್ತಾ ಇದೆ, ಸೀಬೆ ಮರದ ಹತ್ತಿರ ಬಂತು."